ಕಮಿಷನರ್ ರಸ್ತೆ ಕೊನೆಗೆ

ಓರಿನ್ ಹಾಲ್ವರ್ಸನ್ ಶಾಸಕನಾದದ್ದು ಹಿಂದಿನ ಶಾಸಕ ತೀರಿಕೊಂಡದ್ದರಿಂದ. ಅಮೆರಿಕದ ಉತ್ತರ ಡಕೋಟಾ ರಾಜ್ಯದ ಹಾರ್ಲೋ ಕೌಂಟಿ ಎಂಬ ಪುಟ್ಟ ಜಿಲ್ಲೆಯಲ್ಲಿ ಆ ಕುರ್ಚಿ ಬೇಕೆಂದು ಹಟ ಹಿಡಿದವರು ಬೇರೆ ಯಾರೂ ಇರಲಿಲ್ಲ. ಪಕ್ಷದ ಮೂವರು ಹಿರಿಯರು ಒಂದು ಸಂಜೆ ಅವನ ಅಡುಗೆಮನೆಗೆ ಬಂದು ಕೂತರು, ಕಾಫಿ ಬೇಡವೆಂದು ಎರಡು ಸಲ ಹೇಳಿ ಮೂರನೆಯ ಸಲಕ್ಕೆ ಕುಡಿದರು, ಗೋಧಿಯ ವಿಚಾರ ಒಂದು ಗಂಟೆ ಮಾತಾಡಿದರು. ಹೊರಡುವಾಗ ಬಾಗಿಲಲ್ಲಿ ನಿಂತು ಒಬ್ಬರು, "ನಿನ್ನ ಹೆಸರು ಕೊಟ್ಟಿದೀವಿ," ಎಂದರು. ಓರಿನ್ "ಸರಿ" ಎಂದ. ಪ್ರಚಾರ ಅಲ್ಲಿಗೆ ಮುಗಿಯಿತು.

ಹದಿನಾರು ವರ್ಷ ಶಾಸಕನಾಗಿದ್ದ. ಅಲ್ಲಿನ ಶಾಸನಸಭೆ ಸೇರುವುದು ಎರಡು ವರ್ಷಕ್ಕೊಮ್ಮೆ, ಜನವರಿಯಿಂದ ಏಪ್ರಿಲ್‌ವರೆಗೆ. ಅಷ್ಟು ವರ್ಷಗಳಲ್ಲಿ ಅವನು ಸಭೆಯಲ್ಲಿ ಏಳು ಸಲ ಎದ್ದು ಮಾತಾಡಿದ. ಅದರಲ್ಲಿ ಎರಡು ಸಲ, ಆ ಕಿಟಕಿ ಮುಚ್ಚಿ ಎಂದು. ಅವನ ಹೆಸರಿನಲ್ಲಿ ಪಾಸಾದ ಮಸೂದೆ ಒಂದೇ: ರಾಜ್ಯದ ಹಾನಿಕರ ಕಳೆಗಳ ಪಟ್ಟಿಗೆ ಒಂದು ಹಳದಿ ಹೂವಿನ ಗಿಡವನ್ನು ಸೇರಿಸುವುದು. ಎಂಬತ್ತೊಂಬತ್ತು ಮತ ಪರವಾಗಿ, ಮೂರು ವಿರುದ್ಧವಾಗಿ ಬಿದ್ದವು. ಆ ಮೂವರು ಯಾವ ಲೆಕ್ಕದಲ್ಲಿ ಕಳೆಯ ಪರ ನಿಂತರೋ ಅವನಿಗೆ ಇವತ್ತಿಗೂ ತಿಳಿದಿಲ್ಲ.

ಅವನು ರಾಜಧಾನಿಯಲ್ಲಿ ಕಳೆ ಕೀಳುತ್ತಿದ್ದ ಆ ಚಳಿಗಾಲಗಳಲ್ಲಿ ಹಸು, ಕರು, ಟ್ರ್ಯಾಕ್ಟರ್ ಎಲ್ಲ ಹೆಂಡತಿ ಲವೋನ್ ತಲೆಯ ಮೇಲೆ. ಕೊಟ್ಟಿಗೆಯಲ್ಲಿ ಕರು ಹಾಕಿಸಿ ಬಂದು, ಕೈ ತೊಳೆದು, ಟ್ರ್ಯಾಕ್ಟರ್ ಹತ್ತಿ ರಸ್ತೆಯ ಹಿಮ ಬಳಿಯುತ್ತಿದ್ದಳು. ಭಾನುವಾರ ಓರಿನ್ ಫೋನು ಮಾಡುತ್ತಿದ್ದ.

"ಹೇಗಿದೆ?"

"ಪರವಾಗಿಲ್ಲ."

"ಹಿಮ?"

"ಬಿದ್ದಿದೆ."

ಅವರ ಕಡೆಯ ಲೆಕ್ಕದಲ್ಲಿ ಇದು ಹೊಟ್ಟೆ ತುಂಬ ಮಾತಾಡಿದಂತೆ.

ಹದಿನಾರು ವರ್ಷವಾದ ಮೇಲೆ ಓರಿನ್‌ಗೆ ರಾಜಧಾನಿಯ ಮೋಟೆಲಿನ ಹಾಸಿಗೆ ಸಾಕಾಯಿತು. ಊರಲ್ಲೇ ಇದ್ದು ಕೌಂಟಿಯ ಕೆಲಸ ಮಾಡೋಣವೆಂದು ಕಮಿಷನರ್ ಹುದ್ದೆಗೆ ನಿಂತ. ಕೌಂಟಿಯನ್ನು ನಡೆಸುವುದು ಜನ ಆರಿಸಿದ ಮೂವರು ಕಮಿಷನರುಗಳು. ರಸ್ತೆ, ಸೇತುವೆ, ಜೈಲಿನ ಸೋರುವ ಮಾಡು, ಎಲ್ಲ ಅವರದೇ. ಆಗ ಆ ಕುರ್ಚಿಯಲ್ಲಿದ್ದ ಲೀಲಂಡ್ ಗ್ರಾಸ್ ಒಂದೇ ಬೇಸಿಗೆಯಲ್ಲಿ ತನ್ನ ಮನೆಯ ರಸ್ತೆಗೆ ಎರಡು ಸಲ ಜಲ್ಲಿ ಹಾಕಿಸಿಕೊಂಡು ಊರವರ ಬಾಯಿಗೆ ಬಿದ್ದಿದ್ದ. ಚರ್ಚಿನ ನೆಲಮಾಳಿಗೆಯಲ್ಲಿ ಅಭ್ಯರ್ಥಿಗಳ ಸಭೆ ನಡೆದಾಗ ಲೀಲಂಡ್ ಇಪ್ಪತ್ತು ನಿಮಿಷ ಮಾತಾಡಿದ. ಓರಿನ್ ಎದ್ದು, "ನಾನು ಗೆದ್ರೆ ನನ್ನ ರಸ್ತೆ ಕೊನೇಲಿ," ಎಂದು ಕೂತ. ಇನ್ನೂರ ಹನ್ನೆರಡು ಓಟಿನಿಂದ ಗೆದ್ದ.

ಶಾಸಕನಾಗಿದ್ದಾಗ ಅವನಿಗೆ ವರ್ಷಕ್ಕೆ ನಾಲ್ಕು ಫೋನು ಬಂದರೆ ಹೆಚ್ಚು. ಕಮಿಷನರಾದ ಮೊದಲ ಹಿಮದ ಬೆಳಿಗ್ಗೆ ಒಂಬತ್ತು ಬಂದವು, ಒಂಬತ್ತೂ ರಸ್ತೆಯವೇ. ಹಿಮ ಬಳಿಯುವ ಗ್ರೇಡರ್ ಓಡಿಸುತ್ತಿದ್ದ ಗೇಲನ್ ತನ್ನ ಶೆಡ್ಡಿನ ಹಲಗೆಯ ಮೇಲೆ ರಸ್ತೆಗಳನ್ನು ಸರದಿಯಾಗಿ ಬರೆದು, ಎಲ್ಲಕ್ಕಿಂತ ಕೆಳಗೆ 'ಓರಿನ್' ಎಂದು ಬರೆದ. ಹೆದ್ದಾರಿಯಿಂದ ಓರಿನ್ ಮನೆಗೆ ಐದು ಮೈಲಿ. ಗೇಲನ್ ಅಲ್ಲಿಗೆ ಬರುವ ಹೊತ್ತಿಗೆ ಮಧ್ಯಾಹ್ನ ಮೂರಾಗುತ್ತಿತ್ತು. ಓರಿನ್ ಆವತ್ತೆಲ್ಲ ಮನೆಯಲ್ಲೇ ಕೂತು ಫೋನಿನಲ್ಲಿ ಬೈಸಿಕೊಳ್ಳುತ್ತಿದ್ದ. ಅದರಲ್ಲಿ ಅವನಿಗೆ ಒಂದು ಬಗೆಯ ಸುಖವೂ ಇತ್ತು.

ಎರಡನೆಯ ಸಲ ಗೆದ್ದ ಮೇಲೆ ಲವೋನಳ ಎರಡೂ ಕಿಡ್ನಿ ಕೈಕೊಟ್ಟವು. ಸೋಮವಾರ, ಬುಧವಾರ, ಶುಕ್ರವಾರ, ನಲವತ್ತನಾಲ್ಕು ಮೈಲಿ ದೂರದ ಆಸ್ಪತ್ರೆಯಲ್ಲಿ ಬೆಳಿಗ್ಗೆ ಎಂಟಕ್ಕೆ ಡಯಾಲಿಸಿಸ್. ಓರಿನ್ ಯಾರ ಬಳಿಯೂ ಬಾಯಿ ಬಿಡಲಿಲ್ಲ. ಯಾರಾದರೂ ಕೇಳಿದರೆ, "ಸ್ವಲ್ಪ ಸುಸ್ತು," ಎನ್ನುತ್ತಿದ್ದ. ಎರಡು ಸಾವಿರದ ಮುನ್ನೂರು ಜನರ ಕೌಂಟಿಯಲ್ಲಿ ವಾರಕ್ಕೆ ಮೂರು ಸಲ ಒಂದೇ ಹೊತ್ತಿಗೆ ಒಂದೇ ಕಡೆ ಹೋಗುವ ಪಿಕಪ್ ಗಾಡಿಯನ್ನು ಯಾರೂ ಗಮನಿಸಿಲ್ಲವೆಂದು ಅವನು ನಂಬಿದ್ದ. ಅವನು ಹೇಳಲಿಲ್ಲವಾದ್ದರಿಂದ ಜನರೂ ಮರ್ಯಾದೆಯಿಂದ, ಗೊತ್ತಿಲ್ಲದವರ ಹಾಗೆ ಇದ್ದುಬಿಟ್ಟರು.

ಆ ವರ್ಷವೇ ಅವನು, ಕಳೆಗಳ ಪಟ್ಟಿಯ ನಂತರ, ತನ್ನ ಬದುಕಿನ ಎರಡನೆಯ ಪಟ್ಟಿಗೆ ಕೈ ಹಾಕಿದ: ಕಾಯಿಲೆಯವರಿರುವ ಮನೆಗಳ ರಸ್ತೆಯ ಹಿಮವನ್ನು ಎಲ್ಲರಿಗಿಂತ ಮೊದಲು ತೆಗೆಯಬೇಕು. ಮೂವರು ಕಮಿಷನರುಗಳೂ ಒಪ್ಪಿದರು. ಆದರೆ ಹೆಸರು ಕೊಡಲು ಒಬ್ಬರೂ ಬರಲಿಲ್ಲ. ಬಾಯಿಬಿಟ್ಟು ಕೇಳುವುದೆಂದರೆ ಆ ಜನಕ್ಕೆ ಬೆತ್ತಲೆ ನಿಂತಷ್ಟು ನಾಚಿಕೆ. ಓರಿನ್ ಮನೆಮನೆಗೆ ಹೋಗಿ ಕೂತು, ಮಾಂಸ ಆಲೂಗಡ್ಡೆಯ ಹಾಟ್‌ಡಿಶ್ ತಿಂದು, ಪುಸಲಾಯಿಸಿ ಹನ್ನೊಂದು ಮನೆಗಳ ಹೆಸರು ಬರೆದುಕೊಂಡ. "ನಮ್ಮದೇನ್ ಮಹಾ ಕಾಯಿಲೆ, ಮೊದಲು ಬೇರೆಯವರ ರಸ್ತೆ ಆಗ್ಲಿ," ಎಂದ ಆಮ್ಲಜನಕದ ಸಿಲಿಂಡರಿನ ಮುದುಕನೊಬ್ಬನಿಗೆ, "ಜಂಬ ಬಿಡಪ್ಪಾ, ಜೀವ ದೊಡ್ಡದು," ಎಂದು ಬುದ್ಧಿ ಹೇಳಿ ಬಂದ. ಬಂದವನು ತನ್ನ ಮನೆಯ ಹೆಸರು ಬರೆಯಲಿಲ್ಲ.

ಮೊದಲೆರಡು ಚಳಿಗಾಲ ಹಿಮ ಮಂಗಳವಾರ, ಗುರುವಾರಗಳನ್ನೇ ಆರಿಸಿಕೊಂಡು ಬಿದ್ದು ಅವನನ್ನು ಕಾಪಾಡಿತು. ಮೂರನೆಯ ಚಳಿಗಾಲ ಆ ಉಪಕಾರ ಮಾಡಲಿಲ್ಲ. ಜನವರಿಯ ಒಂದು ಸೋಮವಾರ ತಪ್ಪಿತು. ಮರುವಾರದ ಬುಧವಾರವೂ ತಪ್ಪಿತು. ಅವತ್ತು ಓರಿನ್ ತಾನೇ ಟ್ರ್ಯಾಕ್ಟರ್ ತೆಗೆದುಕೊಂಡು ಹೋಗಿ ಎರಡನೆಯ ಮೈಲಿಯಲ್ಲಿ ಹೂತುಕೊಂಡ. ಮಧ್ಯಾಹ್ನ ಗೇಲನ್ ಬಂದು ಎಳೆದು ಹಾಕಿದ. ಮರುದಿನ ಆಸ್ಪತ್ರೆಯ ನರ್ಸ್ ಲವೋನಳ ಊದಿದ ಕಾಲನ್ನು ಬೆರಳಿನಿಂದ ಒತ್ತಿ, ಇನ್ನೊಂದು ಸಲ ಹೀಗೆ ತಪ್ಪಿದರೆ ಹೃದಯ ನಿಂತೀತು ಎಂದು ಇಬ್ಬರ ಮುಖ ನೋಡಿಯೇ ಹೇಳಿದಳು.

ಮನೆಗೆ ಬಂದ ಮೇಲೆ ಲವೋನ್ ಕೋಟು ಬಿಚ್ಚದೆ ಕೂತಳು.

"ಪಟ್ಟೀಲಿ ನನ್ನ ಹೆಸರು ಬರಿ, ಓರಿನ್."

"ಜನಕ್ಕೆ ಮಾತು ಕೊಟ್ಟಿದೀನಿ. ಲೀಲಂಡ್‌ಗೂ ನಂಗೂ ಏನ್ ವ್ಯತ್ಯಾಸ ಅಂತಾರೆ."

"ನಾನು ಸತ್ರೆ ಏನಂತಾರೆ?"

ಓರಿನ್ ಕೊಟ್ಟಿಗೆಯ ಬೂಟು ಹುಡುಕತೊಡಗಿದ.

"ಏನೂ ಅನ್ನಲ್ಲ. ಸಾವಿನ ಮನೆ ಅಂತ ಹನ್ನೊಂದು ಮನೆಯವರೂ ಹಾಟ್‌ಡಿಶ್ ತಂದ್ಕೊಡ್ತಾರೆ. ಫ್ರಿಜ್ಜಲ್ಲಿ ಜಾಗ ಮಾಡಿಟ್ಕೋ."

ಓರಿನ್ ಎದ್ದು ಹೋಗಿ ಹಸುಗಳಿಗೆ ಎರಡನೆಯ ಸಲ ಹುಲ್ಲು ಹಾಕಿದ. ಅವನನ್ನು ಕಟ್ಟಿಹಾಕಿದ್ದು ಕೊಟ್ಟ ಮಾತೊಂದೇ ಅಲ್ಲ. ಅವಳ ಹೆಸರನ್ನು ತನ್ನ ಕೈಯಿಂದ ಆ ಪಟ್ಟಿಯಲ್ಲಿ ಬರೆದರೆ ಕಾಯಿಲೆ ನಿಜವಾಗಿಬಿಡುತ್ತದೆ ಎಂದು ಅವನಿಗೆ ಹೆದರಿಕೆ. ಅರವತ್ತೈದು ದಾಟಿದವನ ಬುದ್ಧಿ ಇದು. ಆದರೆ ಇದ್ದದ್ದು ಹೀಗೇ.

ಕಮಿಷನರುಗಳ ಸಭೆ ಮಂಗಳವಾರ ಒಂಬತ್ತಕ್ಕೆ. ಆ ವರ್ಷ ಓರಿನ್ನೇ ಅಧ್ಯಕ್ಷ. ಫೆಬ್ರವರಿಯ ಒಂದು ಮಂಗಳವಾರ, ನಾಳೆ ಗಾಳಿ ಸಮೇತ ಭಾರಿ ಹಿಮ ಎಂದು ರೇಡಿಯೋ ಹೇಳುತ್ತಿದ್ದಾಗ, ಲೈಬ್ರರಿಯಲ್ಲಿ ಕೆಲಸವಿದೆ ಎಂದು ಲವೋನ್ ಅವನ ಜತೆ ಊರಿಗೆ ಬಂದಳು. ಚರ್ಚಿಗೆ ಹಾಕುವ ಕೋಟು ಹಾಕಿದ್ದಳು. ಓರಿನ್ ಅದನ್ನೂ ಗಮನಿಸಲಿಲ್ಲ.

ಸಭೆಯ ಮೊದಲ ಬಾಬತ್ತು ಸಾರ್ವಜನಿಕರ ಅಹವಾಲು. ಒಬ್ಬೊಬ್ಬರಿಗೆ ಮೂರು ನಿಮಿಷ. ಗಂಟೆ ಹೊಡೆಯುವ ತನಕ ಯಾರೂ ನಡುವೆ ಬಾಯಿ ಹಾಕುವಂತಿಲ್ಲ. ಗುಮಾಸ್ತೆ ಮಾರ್ಲಿಸ್ ಮೊಟ್ಟೆ ಬೇಯಿಸುವಾಗ ನಿಮಿಷ ಎಣಿಸಿ ಗಂಟೆ ಹೊಡೆಯುವ ಪುಟ್ಟ ಗಡಿಯಾರವನ್ನು ಮನೆಯಿಂದ ತಂದಿಟ್ಟಿದ್ದಳು. ಸಾಮಾನ್ಯವಾಗಿ ಬರುತ್ತಿದ್ದವನು ಒಬ್ಬನೇ, ಮರ ಕಡಿಯುವ ಬೀವರ್ ಪ್ರಾಣಿಗಳು ತನ್ನ ಹಳ್ಳಕ್ಕೆ ಅಣೆಕಟ್ಟು ಕಟ್ಟುತ್ತಿವೆ ಎಂದು ಆರು ವರ್ಷಗಳಿಂದ ದೂರುವವನು. ಅವನದಾಯಿತು. ಓರಿನ್ ಹಾಳೆ ನೋಡದೆ, "ಮುಂದಿನವರು ಹೆಸರು, ವಿಳಾಸ ಹೇಳಿ," ಎಂದ.

"ಲವೋನ್ ಹಾಲ್ವರ್ಸನ್. ವಿಳಾಸ ನಿಮಗೇ ಗೊತ್ತು," ಎಂದಳು ಅವಳು, ಮೈಕಿನ ಮುಂದೆ ನಿಂತು.

ಮಾರ್ಲಿಸ್ ಗಡಿಯಾರ ತಿರುಗಿಸಿದಳು.

"ಕಮಿಷನರೇ, ನಾನು ಎರಡು ಸಲವೂ ನಿಮಗೇ ಓಟು ಹಾಕ್ದವಳು. ನನ್ನ ಯಜಮಾನ್ರು ರಾಜಧಾನೀಲಿದ್ದಾಗ ನಮ್ಮ ರಸ್ತೆ ಹಿಮ ನಾನೇ ತೆಗೀತಿದ್ದೆ. ಈಗ ಈ ಕೈಗೆ ವಾರಕ್ಕೆ ಮೂರು ದಿನ ಸೂಜಿ ಚುಚ್ತಾರೆ, ಇದರಲ್ಲಿ ಗೇರ್ ಹಾಕಕ್ಕಾಗಲ್ಲ. ಈ ಚಳಿಗಾಲ ಎರಡು ಸಲ ಆಸ್ಪತ್ರೆ ತಪ್ಪಿದೆ. ನಾಳೆ ಮೂರನೇದು. ನಿಮ್ಮ ಕಾಯಿಲೆ ಪಟ್ಟೀಲಿ ನನ್ನ ಹೆಸರು ಸೇರಿಸ್ಬೇಕು ಅಂತ ಕೇಳ್ತಿದೀನಿ. ಇಷ್ಟೇ."

ಇಷ್ಟಕ್ಕೆ ಒಂದು ನಿಮಿಷವೂ ಆಗಿರಲಿಲ್ಲ. ಅವಳು ಕೂರಲಿಲ್ಲ. ಉಳಿದ ಎರಡು ನಿಮಿಷ ಅವಳದೇ ಆದ್ದರಿಂದ ಅಲ್ಲೇ ನಿಂತು ಅಧ್ಯಕ್ಷರ ಮುಖ ನೋಡಿದಳು. ಗಡಿಯಾರ ಟಿಕ್ ಟಿಕ್ ಎನ್ನುತ್ತಿತ್ತು. ಪಕ್ಕದ ಕಮಿಷನರ್ ಡೆಲ್ಬರ್ಟ್ ವಾಂಗ್ಲರ್ ತನ್ನ ಪೆನ್ನಿನ ಮೇಲಿನ ಅಕ್ಷರಗಳನ್ನು ಓದಿದ. ಇನ್ನೊಬ್ಬ ಕಮಿಷನರ್ ಟ್ರೂಡಿ ಕಿಟಕಿಯಾಚೆ ನೋಡಿದಳು. ಬೀವರ್ ಮನುಷ್ಯ ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡ. ಓರಿನ್‌ಗೆ ನೋಡಲು ಬೇರೆ ಜಾಗವಿರಲಿಲ್ಲ, ಹೆಂಡತಿಯ ಮುಖವನ್ನೇ ನೋಡಿದ. ಎಷ್ಟು ಇಳಿದುಹೋಗಿದ್ದಾಳೆ ಎಂಬುದು ಅವನಿಗೆ ಕಂಡದ್ದು ಆಗ.

ಗಂಟೆ ಹೊಡೆಯಿತು. ಡೆಲ್ಬರ್ಟ್ ಸೂಚಿಸಿದ, ಟ್ರೂಡಿ ಅನುಮೋದಿಸಿದಳು. ಮಾರ್ಲಿಸ್ ಪಟ್ಟಿಯನ್ನು ಓರಿನ್ ಮುಂದೆ ಸರಿಸಿದಳು. ಹೆಸರನ್ನು ಆಯಾ ಭಾಗದ ಕಮಿಷನರೇ ಬರೆಯಬೇಕೆಂಬುದು ಅವನೇ ಮಾಡಿದ ನಿಯಮ. ಅವನು ಹೆಸರು ಬರೆದ, ರಸ್ತೆಯ ನಂಬರು ಬರೆದ, ನಿಲ್ಲಿಸಿದ.

"ಕಾಯಿಲೆ ಅಂತ ಇನ್ನೊಂದು ಕಾಲಂ ಇದೆ, ಓರಿನ್," ಎಂದಳು ಮಾರ್ಲಿಸ್, ಮೆಲ್ಲಗೆ.

"ಎರಡೂ ಕಿಡ್ನಿ ಹೋಗಿದೆ," ಎಂದ ಅವನು. ಅದನ್ನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. "ನಂಗೆ ತುಂಬ ಭಯ ಆಗಿದೆ."

"ನಮಗೆ ಗೊತ್ತು ಮಾರಾಯ," ಎಂದ ಡೆಲ್ಬರ್ಟ್. "ಮೂರು ವರ್ಷದಿಂದ ಗೊತ್ತು. ನೀನು ಹೇಳ್ಲಿಲ್ಲ, ನಾವು ಕೇಳ್ಲಿಲ್ಲ."

ಮುಂದಿನ ಬಾಬತ್ತು ಜೈಲಿನ ಮಾಡು.

ಬುಧವಾರ ಬೆಳಿಗ್ಗೆ ಗಾಳಿ ಹೊಡೆಯುತ್ತಿತ್ತು. ಆರೂಕಾಲಿಗೆ ಗೇಲನ್ ಐದು ಮೈಲಿ ಬಳಿದುಕೊಂಡು ಬಂದು, ಅಂಗಳದಲ್ಲಿ ಗ್ರೇಡರ್ ತಿರುಗಿಸಿ, ಕೈ ಎತ್ತಿ ಹೋದ. ಆರೂಮುಕ್ಕಾಲಿಗೆ ಫೋನು ಬಂತು. ದಕ್ಷಿಣದ ಜಮೀನಿನ ಆರ್ವಿಡ್.

"ನಿನ್ನ ರಸ್ತೆ ಆಗೋಯ್ತಂತೆ."

"ಆಯ್ತು."

"ಮೊದಲು."

"ಹೌದು, ಮೊದಲು."

"ಕೊನೇಲಿ ಅಂದಿದ್ದೆ ನೀನು."

"ಅಂದಿದ್ದೆ. ಲವೋನ್‌ಗೆ ಕಿಡ್ನಿ ಹೋಗಿದೆ, ಆರ್ವಿಡ್. ಅವಳಿಲ್ದೆ ನನ್ನ ಕೈಲಿ ಇರಕ್ಕಾಗಲ್ಲ."



"ಅದು ಸರಿ," ಎಂದ ಆರ್ವಿಡ್. "ಓಟು ಮಾತ್ರ ಹಾಕಲ್ಲ."

"ಆಗ್ಲಿ," ಎಂದ ಓರಿನ್.

ಆರ್ವಿಡ್ ಆಡಿದ ಮಾತಿಗೆ ತಪ್ಪುವವನಲ್ಲ, ಅವನ ಹಾಗೆ ಇನ್ನೂ ಕೆಲವರಿದ್ದರು. ನವೆಂಬರ್‌ನ ಚುನಾವಣೆಯಲ್ಲಿ ಓರಿನ್ ಇಪ್ಪತ್ಮೂರು ಓಟಿನಿಂದ ಸೋತ. ಹದಿನಾರು ವರ್ಷದ ಶಾಸಕಗಿರಿ, ಎಂಟು ವರ್ಷದ ಕಮಿಷನರ್‌ಗಿರಿ ಒಂದು ಮಂಗಳವಾರ ಮುಗಿದವು. ಮರುದಿನ ಬುಧವಾರ. ಏಳಕ್ಕೆ ಇಬ್ಬರೂ ಪಿಕಪ್ ಹತ್ತಿದರು.

ಹೆದ್ದಾರಿಗೆ ತಿರುಗುವಾಗ ಲವೋನ್ ಕೇಳಿದಳು, "ಇನ್ನೇನ್ ಮಾಡ್ತೀಯ?"

"ನಿನ್ನನ್ನ ಆಸ್ಪತ್ರೆಗೆ ಕರ್ಕೊಂಡ್ ಹೋಗ್ತೀನಿ."

"ಆಮೇಲೆ?"

"ಶುಕ್ರವಾರ ಮತ್ತೆ ಕರ್ಕೊಂಡ್ ಹೋಗ್ತೀನಿ," ಎಂದ ಓರಿನ್.