ಮೋಟಾರ್ ಮಾವನ ಇಂಗ್ಲಿಷ್

ಸ್ಕ್ರೂಡ್ರೈವರಿನ ಮೊನೆಯನ್ನು ಓಡುತ್ತಿರುವ ಮೋಟಾರಿನ ಮೇಲೆ ಊರಿ, ಹಿಡಿಯನ್ನು ಬಲಗಿವಿಗೆ ಒತ್ತಿಕೊಂಡು, ಮಾವ ಕಣ್ಣು ಮುಚ್ಚಿ ಒಳಗಿನ ಸದ್ದು ಕೇಳುತ್ತ ನಿಲ್ಲುತ್ತಿದ್ದರು. ಆ ಕಿವಿ ಸದಾ ಗ್ರೀಸಿನಿಂದ ಕಪ್ಪು. ಪರಶುರಾಂಪುರದಲ್ಲಿ ನಮ್ಮ ಪಕ್ಕದ ಮನೆಯವರು, ಪಂಪ್‌ಸೆಟ್ ರಿಪೇರಿಯವರು. ನನಗೆ ಮೋಟಾರ್ ಮಾವ. ಆಂಧ್ರದ ಗಡಿಯ ಮೊಳಕಾಲ್ಮೂರು ಕಡೆಯವರಾದ್ದರಿಂದ ನನ್ನನ್ನು ಕೊನೆಯವರೆಗೂ ತೆಲುಗಿನಲ್ಲಿ "ಅಮ್ಮಾಯಿ", ಹುಡುಗಿ, ಎಂದೇ ಕರೆದರು.

ಯಾರಾದರೂ ಬಂದು "ಮೋಟ್ರು ಕೆಟ್ಟೈತೆ" ಎಂದರೆ ಅವರು ಅದನ್ನು ಮುಟ್ಟುತ್ತಲೇ ಇರಲಿಲ್ಲ. "ಕೆಟ್ಟೈತೆ ಅಂತ ನಂಗೂ ಗೊತ್ತು. ಏನ್ ಮಾಡ್ತೈತೆ, ಅದನ್ನ ಹೇಳಪ್ಪ" ಎಂದು ಕೂರಿಸಿಕೊಳ್ಳುತ್ತಿದ್ದರು. ಗುಂಯ್‌ಗುಡುತ್ತದೋ, ನಡುಗುತ್ತದೋ, ಓಡಿ ನಿಲ್ಲುತ್ತದೋ, ಎಲ್ಲ ಬಾಯಿ ಬಿಡಿಸಿ, ರಟ್ಟಿನ ಚೀಟಿಯಲ್ಲಿ ಇಂಗ್ಲಿಷಿನಲ್ಲಿ ಬರೆದು ಮೋಟಾರಿಗೆ ಕಟ್ಟುತ್ತಿದ್ದರು: "ರನ್ಸ್ ಹಾಟ್". "ಟ್ರಿಪ್ಸ್ ಅಂಡರ್ ಲೋಡ್", ಅಂದರೆ ಭಾರ ಬಿದ್ದರೆ ನಿಂತುಹೋಗುತ್ತದೆ. ಗಲ್ಫಿನ ಪಂಪ್‌ಹೌಸಿನಲ್ಲಿ ಇಂಗ್ಲೆಂಡಿನ ಫೋರ್‌ಮನ್ ಕೈಕೆಳಗೆ ದುಡಿದು ಕಲಿತದ್ದಂತೆ. ನಾನು ಇಂಗ್ಲಿಷ್ ಎಂ.ಎ., ಚಳ್ಳಕೆರೆಯಲ್ಲಿ ಪಾಠ ಹೇಳುವವಳು. ಇದೆಂಥ ತುಂಡು ಇಂಗ್ಲಿಷಪ್ಪ ಎಂದು ಒಳಗೊಳಗೇ ನಗುತ್ತಿದ್ದೆ. ಅದು ಅವರಿಗೂ ಗೊತ್ತಿತ್ತು. "ಮನುಷ್ಯರ ಇಂಗ್ಲಿಷ್ ನಿಂದು ಅಮ್ಮಾಯಿ. ನಂದು ಬರೀ ಮಿಷಿನಿಂದು" ಎನ್ನುತ್ತಿದ್ದರು.

ಒಂದು ಮಧ್ಯಾಹ್ನ ನನ್ನ ಜಂಬ ಇಳಿಯಿತು. ಕಡಲೆಕಾಯಿ ಮಿಲ್ಲಿನ ಧೂಳು ಕುಡಿದೂ ಕುಡಿದೂ ಶ್ವಾಸಕೋಶ ಹಾಳಾಗಿದ್ದ ಅಪ್ಪನಿಗೆ ಮನೆಯಲ್ಲೇ ಆಕ್ಸಿಜನ್ ಮೆಷಿನ್ ಇಟ್ಟಿದ್ದೆವು. ಅದು ನಿಂತುಹೋಯಿತು. ಆಪತ್ತಿಗೆಂದು ಇದ್ದ ಸಣ್ಣ ಸಿಲಿಂಡರಿನಲ್ಲಿ ಹೆಚ್ಚೆಂದರೆ ಒಂದು ಗಂಟೆಯ ಗಾಳಿ. ಆಂಬುಲೆನ್ಸ್ ಬರಲು ಎರಡು ಗಂಟೆ ಬೇಕು ಎಂದರು. ಕಂಪನಿಗೆ ಫೋನ್ ಮಾಡಿದೆ. ಆ ಕಡೆಯ ಎಂಜಿನಿಯರಿಗೆ ಕನ್ನಡ ಬಾರದು. "ದಿ ಡಿವೈಸ್ ಈಸ್ ಮಾಲ್‌ಫಂಕ್ಷನಿಂಗ್" ಎಂದೆ. ಅಂದರೆ ಏನಾಗಿದೆ ಎಂದು ಕೇಳಿದ. "ಇಟ್ ಹ್ಯಾಸ್ ಸೀಸ್ಡ್ ಟು ಆಪರೇಟ್", ಕೆಲಸ ನಿಲ್ಲಿಸಿದೆ, ಎಂದೆ. ನಾಳೆ ಯಾರನ್ನಾದರೂ ಕಳಿಸುತ್ತೇನೆ ಎಂದ.

ಅಷ್ಟರಲ್ಲಿ ಅವ್ವ ಮಾವನನ್ನು ಕರೆತಂದಳು. ಅವರು ಸ್ವಿಚ್ ಹಾಕಿಸಿ, ಕಿವಿಗೊಟ್ಟು ಕೇಳಿ, ನನ್ನ ಕೈಯಿಂದ ಫೋನ್ ತೆಗೆದುಕೊಂಡರು.

"ಇಟ್ ಹಮ್ಸ್. ಕಂಪ್ರೆಸರ್ ವೋಂಟ್ ಕಿಕ್ ಇನ್. ಗೆಟ್ಸ್ ಹಾಟ್, ಕಟ್ಸ್ ಔಟ್. ಫ್ಯಾನ್ ರನ್ಸ್ ಫೈನ್."

ಗುಂಯ್ ಎನ್ನುತ್ತದೆ, ಕಂಪ್ರೆಸರ್ ಏಳುವುದಿಲ್ಲ, ಬಿಸಿಯಾಗಿ ನಿಲ್ಲುತ್ತದೆ, ಫ್ಯಾನ್ ಸರಿಯಿದೆ: ಇಷ್ಟೇ. ಎಂಜಿನಿಯರಿನ ದನಿಯೇ ಬದಲಾಯಿತು. ಮಾವನನ್ನು "ಸರ್" ಎಂದ. ಕಂಪ್ರೆಸರನ್ನು ಎಬ್ಬಿಸುವ ಕೆಪಾಸಿಟರ್ ಹೋಗಿರಬೇಕು ಎಂದು ಅದರ ಅಳತೆ ಹೇಳಿ, ಯಾವ ಸ್ಕ್ರೂ ಮೊದಲು ಬಿಚ್ಚಬೇಕೆಂದು ಒಂದೊಂದಾಗಿ ತಿಳಿಸಿದ. ಆ ಅಳತೆಯದು ಮಾವನ ಅಂಗಡಿಯಲ್ಲೇ ಇತ್ತು. ಸಿಲಿಂಡರಿನ ಮುಳ್ಳು ಕೆಂಪು ಗೆರೆ ಮುಟ್ಟುವ ಹೊತ್ತಿಗೆ ಮೆಷಿನ್ ಓಡಿತು.

ನೆಲದ ಮೇಲಿದ್ದ ಸ್ಕ್ರೂಗಳನ್ನು ಹೆಕ್ಕಿ ಮಾವನ ಕೈಗೆ ಕೊಡುತ್ತ ನಾಚಿಕೊಂಡೆ. ನನ್ನ ಎಂ.ಎ. ಇಂಗ್ಲಿಷ್ ಅಷ್ಟು ಹೊತ್ತು ಹೇಳಿದ್ದು "ಕೆಟ್ಟೈತೆ" ಎಂಬ ಒಂದೇ ಮಾತನ್ನು. ಅವರು ನಾಲ್ಕು ಪುಟ್ಟ ವಾಕ್ಯಗಳಲ್ಲಿ, ಕಾಣದ ಊರಲ್ಲಿ ಕೂತವನಿಗೆ ಮೆಷಿನನ್ನೇ ಕಾಣಿಸಿಬಿಟ್ಟಿದ್ದರು.

"ಗಾಬ್ರಿಲಿ ಎಲ್ರೂ ಹಂಗೇ ಕಣಮ್ಮಾಯಿ" ಎಂದರು. "ಹೋಗು, ಟೀ ಇಡು."

ಮಾವ ಹೋದ ವರ್ಷ ತೀರಿಕೊಂಡರು. ಬೇಡವೆಂದರೂ ಕೇಳದೆ ಅಪ್ಪ ಸಿಲಿಂಡರ್ ಹಿಡಿಸಿಕೊಂಡು ಮಣ್ಣಿಗೆ ಬಂದರು. ಮೂರು ಹಿಡಿ ಮಣ್ಣು ಹಾಕುವಷ್ಟರಲ್ಲಿ ಮೂರು ಸಲ ಕೂತು ಎದ್ದರು. ಏದುಸಿರು ನೋಡಲಾರದೆ, ಸಾಕು ಬಾರಪ್ಪ ಎಂದೆ.

"ಸುಮ್ಕಿರಮ್ಮ" ಎಂದರು. "ಅವನು ಕೊಟ್ಟ ಉಸ್ರು ಇದು. ಅವನಿಗೋಸ್ಕರ ಒಂದಿಷ್ಟು ಖರ್ಚಾಗ್ಲಿ."