ಮೊದಲ ದೋಸೆ

ಮಾಟುಂಗದ ಹೋಟೆಲಿನಲ್ಲಿ ಇಪ್ಪತ್ತೆಂಟು ವರ್ಷ ದೋಸೆ ಹುಯ್ದವನು ನಾನು. ಸಕ್ಕರೆ ಕಾಯಿಲೆ ಮೆಲ್ಲಗೆ ಕಣ್ಣಿಗೂ ಕೈಹಾಕಿತು. ಲೇಸರ್ ಆಯಿತು, ಇಂಜೆಕ್ಷನ್ ಆಯಿತು. ಕೊನೆಗೆ ಡಾಕ್ಟರು, "ಉಳಿದದ್ದನ್ನು ಉಳಿಸಿಕೊಳ್ಳಿ" ಎಂದರು. ಉಳಿದದ್ದಾದರೂ ಎಷ್ಟು? ಹಬೆ ಹಿಡಿದ ಗಾಜಿನ ಆಚೆ ಕಂಡಷ್ಟು. ಹೋಟೆಲಿನ ಧಣಿಗಳು, "ಬೇಡ ಭಟ್ರೇ, ಕೈ ಸುಟ್ಕೊಳ್ತೀರಿ. ಮನೆಯಲ್ಲಿ ಕೂತ್ಕೊಳ್ಳಿ" ಎಂದು ದೋಸೆ ಕಾವಲಿಯ ಮುಂದೆ ಬೇರೆಯವನನ್ನು ನಿಲ್ಲಿಸಿದರು. ನನಗೆ ಮೈಯೆಲ್ಲ ಉರಿದುಹೋಯಿತು. ಕಾವಲಿ ಬಿಟ್ಟರೆ ನನಗೆ ಬೇರೇನು ಗೊತ್ತು?

ಆಂಟಾಪ್ ಹಿಲ್‌ನ ಮನೆಯಲ್ಲಿ ಕೂತು ಹೆಂಡತಿಯ ಮೇಲೆ ರೇಗುವುದೇ ಕೆಲಸವಾಯಿತು. ಅವಳಿಗೂ ಸಾಕಾಗಿ, ನನ್ನನ್ನು ಕಣ್ಣಾಸ್ಪತ್ರೆಯ ತರಬೇತಿಗೆ ಎಳೆದುಕೊಂಡು ಹೋದಳು. ಇರುವಷ್ಟೇ ದೃಷ್ಟಿಯಲ್ಲಿ ಕೆಲಸ ಮಾಡುವುದನ್ನು ಅಲ್ಲಿ ಕಲಿಸುತ್ತಾರಂತೆ. ಕಲಿಸುವವಳು ನನ್ನ ಮಗಳ ವಯಸ್ಸಿನವಳು. ಅರ್ಧ ಕನ್ನಡ, ಅರ್ಧ ಹಿಂದಿ.

"ಅಂಕಲ್, ಮನೇಲಿ ಏನು ತಕ್ಲೀಫ್?"

ನಾನು ಬಾಯಿ ತೆರೆಯುವ ಮೊದಲೇ ಹೆಂಡತಿ ದೂರು ಕೊಟ್ಟಳು: "ಊಟಕ್ಕೆ ಕೂತ್ರೆ ಮೊಸರನ್ನ ಅರ್ಧ ನೆಲಕ್ಕೆ! ಹೇಳಿದ್ರೆ ನನಗೇ ಜೋರು ಮಾಡ್ತಾರೆ."

"ತಟ್ಟೆ ಯಾವ ಬಣ್ಣ?"

"ಬಿಳಿ."

"ಅದೇ! ಬಿಳಿ ಮೇಲೆ ಬಿಳಿ ಕೈಸೇ ಕಾಣ್ತದೆ, ಅಂಕಲ್? ಕಪ್ಪು ತಟ್ಟೆ ತಗೊಳ್ಳಿ. ಲೈಟ್ ಪಕ್ಕದಿಂದ ಬರಲಿ."

ನಾನು ಕುರ್ಚಿಯಿಂದ ಎದ್ದೇಬಿಟ್ಟೆ. "ಅಯ್ಯೋ ಮಾರಾಯ್ತಿ! ಕಪ್ಪು ಕಾವಲಿ, ಬಿಳಿ ಹಿಟ್ಟು! ಇಷ್ಟು ವರ್ಷ ನಾನು ಮಾಡಿದ್ದು ಅದೇ ಅಲ್ವಾ?"

ಅವಳು ನಕ್ಕಳು, ಆದರೆ ಮತ್ತೆ ಕಾವಲಿಯ ಮುಂದೆ ನಿಲ್ಲಲು ಸುಲಭಕ್ಕೆ ಬಿಡಲಿಲ್ಲ. ಎರಡು ವಾರ ತಣ್ಣಗಿನ ಕಾವಲಿಯ ಮೇಲೆ ಅಭ್ಯಾಸ ಮಾಡಿಸಿದಳು, ಮೊಣಕೈವರೆಗೆ ಕೈಗವಸು ತೊಡಿಸಿದಳು. "ಹುಯ್ಯೋದು ಓಕೆ. ಬೆಂದದ್ದು ಹೇಗೆ ಗೊತ್ತಾಗ್ತದೆ?" ಎಂದಳು.

"ಮೂಗು ಇಲ್ವಾ?" ಎಂದೆ.

ಒಂದು ಬೆಳಿಗ್ಗೆ ಹೋಟೆಲು ತೆರೆಯುವ ಮುಂಚೆಯೇ ಹೋಗಿ ನಿಂತೆ. ಧಣಿಗಳ ಹತ್ತಿರ ಹಟ ಮಾಡಿ ಬಲ್ಬನ್ನು ಕಾವಲಿಯ ಎಡಕ್ಕೆ ಕಟ್ಟಿಸಿದೆ. ನೀರು ಚಿಮುಕಿಸಿ, ಒರೆಸಿ, ಹಿಟ್ಟು ಹುಯ್ದೆ. ಕಪ್ಪಿನ ಮೇಲೆ ಬಿಳಿ ಹರಡಿತು, ಅಂಚಿನವರೆಗೂ ಕಂಡಿತು. ಕೆಂಪಗೆ ಬೆಂದ ಘಮ ಬಂದ ಕೂಡಲೇ ಎಬ್ಬಿಸಿದೆ.

ಮೊದಲ ದೋಸೆಯನ್ನು ಗಿರಾಕಿಗೆ ಕೊಡುವ ಪದ್ಧತಿ ನಮ್ಮಲ್ಲಿಲ್ಲ. ಅದು ಕಾವಲಿಯ ಹದ ನೋಡಲಿಕ್ಕೆ. ಧಣಿಗಳು ಅದನ್ನೇ ಎತ್ತಿಕೊಂಡು ನಿಂತಲ್ಲೇ ತಿಂದರು. ಅವರ ಮುಖ ನನಗೆ ಕಾಣುವುದಿಲ್ಲ. ಆದರೂ ಅವರ ಕಡೆಗೇ ತಿರುಗಿ ನಿಂತೆ.

"ಎಂತ ನೋಡ್ತಾ ನಿಂತಿದ್ದೀರಿ ಭಟ್ರೇ?" ಎಂದರು. "ಎರಡನೇದು ಹಾಕಿ."

ಆಮೇಲೆ ಅವರೇ ಹೋಗಿ ಶಟರ್ ಎತ್ತಿದರು.