ಹಾಯಿದೋಣಿಯ ಹಿಂಬದಿಗೆ ಕಟ್ಟಿದ ಕಲ್ಲು

೧೯೪೯ರ ನವೆಂಬರ್ ೬, ಭಾನುವಾರ. ಈ ದಿನಾಂಕಕ್ಕೆ ನನ್ನ ಆಧಾರ ಅಕ್ಕನ ಗಂಡ, ಅಂದರೆ ಭಾವನವರು ಅಂಗಿಯ ಜೇಬಿನಲ್ಲಿ ಇಟ್ಟುಕೊಳ್ಳುತ್ತಿದ್ದ ದಿನಚರಿ. ಅವರು ವಾರಗಳನ್ನು ತಪ್ಪಾಗಿ ಬರೆಯುತ್ತಿದ್ದುದುಂಟು. ಆದ್ದರಿಂದ ಆ ವರ್ಷದ ಪಂಚಾಂಗವನ್ನೂ ತೆಗೆದು ನೋಡಿದೆ. ವಿರೋಧಿ ಸಂವತ್ಸರ, ಕಾರ್ತಿಕ ಬಹುಳ ಪಾಡ್ಯ, ಭಾನುವಾರವೇ. ದಿನಚರಿಯಲ್ಲಿರುವುದು ಇಷ್ಟೇ: "ಸಿರುಗುಪ್ಪದಿಂದ ದೋಣಿ. ಮಧ್ಯಾಹ್ನ ಹೊಳೆಯಲ್ಲಿ ತಂಗಿದೆವು." ಹಾಗೆ ತಂಗಿದಾಗ ನನ್ನ ತಂದೆ ನೀರುಪಾಲಾಗುವುದರಲ್ಲಿದ್ದರು ಎಂಬುದನ್ನು ಅವರು ಬರೆದಿಲ್ಲ.

ಭಾವನವರದು ಬಳ್ಳಾರಿಯ ಬ್ರೂಸ್‌ಪೇಟೆಯಲ್ಲಿ ಬಟ್ಟೆ ಅಂಗಡಿ. ಯುದ್ಧ ಮುಗಿದ ಮೇಲೆ ದಂಡಿನವರು ಬಿಟ್ಟುಹೋದ ಸಾಮಾನುಗಳ ಹರಾಜಿನಲ್ಲಿ ಒಂದೇ ಹಾಯಿಯ ಪುಟ್ಟ ದೋಣಿಯೊಂದನ್ನು ಹಿಡಿದಿದ್ದರು. ಬಳ್ಳಾರಿಯಲ್ಲಿ ಅದನ್ನು ಬಿಡಲು ನೀರೆಲ್ಲಿ? ಎರಡು ವರ್ಷ ಗೋದಾಮಿನಲ್ಲಿ ಬೋರಲಾಗಿ ಬಿದ್ದಿತ್ತು. ಕೊನೆಗೆ ಲಾರಿಯ ಮೇಲೆ ಸಿರುಗುಪ್ಪಕ್ಕೆ ಸಾಗಿಸಿ, ತುಂಗಭದ್ರೆಯಲ್ಲಿ ಕೆಂಚನಗುಡ್ಡದವರೆಗೆ ಹೋಗುವುದೆಂದು ನಿಶ್ಚಯಿಸಿದರು. ಅಪ್ಪ, ಹತ್ತೊಂಬತ್ತು ವರ್ಷದ ನಾನು, ಹೊಳೆಯನ್ನು ಬಲ್ಲವನೆಂದು ಜೊತೆಗೆ ಕರೆದುಕೊಂಡ ಒಬ್ಬ ಅಂಬಿಗ. ಅಪ್ಪನಿಗೂ ನನಗೂ ಈಜು ಬಾರದು.

ಅಂಬಿಗ ದೋಣಿಯನ್ನು ಒಂದು ಸುತ್ತು ಹಾಕಿ ನೋಡಿ ನಕ್ಕ.

"ಇದೇನ್ರಿ ಧಣಿ, ಒಂದ್ ಕಡಿ ಮೂಗು, ಒಂದ್ ಕಡಿ ಕುಂಡಿ! ನಮ್ಮ ಹರಗೋಲಿಗೆ ಸುತ್ತಾ ಮುಖಾನ ನೋಡ್ರಿ."

"ಇದು ಗಾಳಿ ಹಿಡಿದು ನೆಟ್ಟಗ ಹೊಕ್ಕೈತಿ. ನಿನ್ನ ಹರಗೋಲಿನಂಗ ಗಿರಿಗಿರಿ ತಿರಗಂಗಿಲ್ಲಲೇ" ಎಂದರು ಭಾವನವರು.

"ತಿರಗಿದ್ರೇನ್ರಿ, ದಂಡಿ ಮುಟ್ಟಸ್ತೈತಿ."

ಮಧ್ಯಾಹ್ನದ ಹೊತ್ತಿಗೆ ಗಾಳಿ ನಿಂತುಹೋಯಿತು. ಅಪ್ಪನಿಗೆ ಹಸಿವು. ದಂಡೆಗೆ ಹೋದರೆ ಬಂಡೆಗೆ ಬಡಿದು ಹಲಗೆ ಸೀಳೀತೆಂದು, ಅಲ್ಲೇ ಕಲ್ಲು ಇಳಿಬಿಟ್ಟು ನಿಂತು ರೊಟ್ಟಿ ತಿನ್ನೋಣವೆಂದರು ಭಾವನವರು. ಹರಾಜಿನಲ್ಲಿ ದೋಣಿ ಬಂದಿತ್ತೇ ಹೊರತು ಲಂಗರು ಬಂದಿರಲಿಲ್ಲ. ಅಂಬಿಗ ತನ್ನ ಹರಗೋಲಿನ ಕಲ್ಲನ್ನೇ ಹಗ್ಗಸಮೇತ ತಂದಿದ್ದ. ಅವನು ಕುಳಿತಿದ್ದುದು ಹಿಂಬದಿಯಲ್ಲಿ, ಅಪ್ಪನ ಪಕ್ಕ. ಹಗ್ಗದ ತುದಿಯನ್ನು ಅಲ್ಲಿಯೇ ಇದ್ದ ಕಬ್ಬಿಣದ ಬಳೆಗೆ ಬಿಗಿದು ಕಲ್ಲನ್ನು ಬಿಟ್ಟ. ಸುತ್ತಲೂ ಒಂದೇ ಆಗಿರುವ ಹರಗೋಲಿನಲ್ಲಿ ಹುಟ್ಟಿ ಬೆಳೆದವನಿಗೆ ಎಲ್ಲಿ ಕಟ್ಟಬೇಕೆಂಬ ಪ್ರಶ್ನೆಯೇ ಏಳುವಂತಿರಲಿಲ್ಲ. ನಮಗೂ ಏಳಲಿಲ್ಲ.

ಕಲ್ಲು ತಳದ ಬಂಡೆಗಳ ಸಂದಿಗೆ ಸಿಕ್ಕಿಕೊಂಡಿತು. ದೋಣಿ ಅರ್ಧ ತಿರುಗಿ, ತನ್ನ ಚಪ್ಪಟೆ ಬೆನ್ನನ್ನು ಪ್ರವಾಹಕ್ಕೆ ಒಡ್ಡಿ ನಿಂತಿತು. ಮೊದಲು ಕೇಳಿದ್ದು ಸದ್ದು: ಬೆನ್ನಹಲಗೆಗೆ ನೀರು ಗುದ್ದಿ ಗುದ್ದಿ ಏರುವ ಸದ್ದು. ಆಮೇಲೆ ತಣ್ಣನೆಯ ನೀರು ಅಂಚು ದಾಟಿ ಅಪ್ಪನ ತೊಡೆಯ ಮೇಲೆ ಸುರಿಯಿತು. ಅಂಬಿಗ ಹಗ್ಗ ಎಳೆದ. ಕಲ್ಲು ಮೇಲೇಳಲಿಲ್ಲ, ಎಳೆದಷ್ಟೂ ದೋಣಿಯ ಹಿಂಭಾಗವೇ ಕೆಳಗಿಳಿಯಿತು.

"ಎಳೀಬ್ಯಾಡಲೇ! ಮುಳುಗಸ್ತೀಯಾ!" ಮುಂದಿನಿಂದ ಭಾವನವರ ಕೂಗು.

"ಎಲ್ಲಾರೂ ಮೂಗಿನ ಕಡಿ ಹೋಗ್ರಿ! ಲಗೂನ ಹೋಗ್ರಿ!" ಎಂದ ಅಂಬಿಗ.

ಅಪ್ಪ ಅಲುಗಲಿಲ್ಲ. ಸ್ಥೂಲಕಾಯರು, ಕುಳಿತಲ್ಲಿಂದ ಏಳಲಾಗಲಿಲ್ಲ. ಎದುರಿಗೇ ಕುಳಿತಿದ್ದ ನನ್ನ ಮುಂಗೈಯನ್ನು ಎರಡೂ ಕೈಗಳಿಂದ ಹಿಡಿದರು.

"ಕೈ ಬಿಡಬ್ಯಾಡೋ ತಮ್ಮಾ."

ನನ್ನ ನೆನಪಿನಲ್ಲಿ ಮುಂದಿನದು ಸ್ಪಷ್ಟವಾಗಿದೆ. ನಾನು ಮುಂಗೈಯನ್ನು ತಿರುಚಿ ಬಿಡಿಸಿಕೊಂಡೆ. ಅವರ ಉಗುರುಗಳು ಗೀರಿದವು. ಅಡ್ಡಹಲಗೆಯನ್ನು ದಾಟಿ, ಮಂಡಿಯೂರಿ ತೆವಳಿ, ಮುಂತುದಿಯನ್ನು ತಬ್ಬಿ ಕುಳಿತೆ. ತಿರುಗಿ ನೋಡಿದಾಗ ಅಪ್ಪ ಸೊಂಟದ ಮಟ್ಟದ ನೀರಿನಲ್ಲಿ ಕುಳಿತೇ ಇದ್ದರು. ರೊಟ್ಟಿಯ ಗಂಟು ಅವರ ಮುಂದೆ ತೇಲುತ್ತಿತ್ತು. ಅವರ ಬಾಯಿ ತೆರೆದಿತ್ತು. ಉಳ್ಳಾಗಡ್ಡಿ ಕೊಯ್ಯಲು ತಂದಿದ್ದ ಚಾಕುವನ್ನು ಭಾವನವರು ಎಸೆದರು. ಅಂಬಿಗ ನಾಲ್ಕೈದು ಏಟಿಗೆ ಹಗ್ಗ ಕತ್ತರಿಸಿದ. ದೋಣಿ ಜಿಗಿದು ಬಿಡುಗಡೆಯಾಗಿ, ಓಲಾಡುತ್ತ ಹೋಗಿ ದಂಡೆಯ ಕೆಸರಿಗೆ ತಗುಲಿತು.

ದಂಡೆಯಲ್ಲಿ ಅಪ್ಪ ಧೋತರದ ಚುಂಗು ಹಿಂಡುತ್ತಲೇ ಇದ್ದರು. ಕೊನೆಗೆ ಅಂಬಿಗನೇ ಅಂದ: "ತಪ್ಪಾತ್ರಿ ಧಣಿ. ಇದಕ್ಕ ಮೂಗಿಗೇ ಕಟ್ಟಬೇಕಾಗಿತ್ತು, ಎತ್ತಿಗೆ ಮೂಗುದಾರ ಕಟ್ಟಿದಂಗ."

ಅಪ್ಪ ಮನೆಯಲ್ಲಿ ಈ ಪ್ರಸಂಗವನ್ನು ಎಂದೂ ಎತ್ತಲಿಲ್ಲ. ನಾನೂ ಎತ್ತಲಿಲ್ಲ. ಅವರು ತೀರಿಕೊಂಡು ಎಷ್ಟೋ ವರ್ಷಗಳಾದ ಮೇಲೆ, ಕುರುಗೋಡಿನ ಸೋದರತ್ತೆಯ ಮನೆಯವರು ಹಳೆಯ ಕಾಗದಗಳ ಕಟ್ಟೊಂದನ್ನು ನನಗೆ ಕೊಟ್ಟರು. ಅದರಲ್ಲಿ ಅಪ್ಪ ತಂಗಿಗೆ ಬರೆದ ಪತ್ರವಿದೆ. ತಾರೀಖು ನವೆಂಬರ್ ೯, ಬುಧವಾರ. ವಾರ ಸರಿಹೊಂದುತ್ತದೆ, ಅಂಚೆಮುದ್ರೆಯೂ ತಾಳೆಯಾಗುತ್ತದೆ, ಅಕ್ಷರ ನಿಸ್ಸಂದೇಹವಾಗಿ ಅವರದೇ.

"ದೋಣಿಯು ಹಿಂದಕ್ಕೆ ಇಳಿದಾಗ ಚಿರಂಜೀವಿಯು ನನ್ನ ಕೈ ಬಿಡದೆ ಮುಂದಕ್ಕೆ ಎಳೆದುಕೊಂಡು ಹೋದನು. ಅವನ ದೆಸೆಯಿಂದ ಉಳಿದೆನು."

ಮೂರು ದಿನಗಳೊಳಗೆ ಬರೆದ ದಾಖಲೆಗೆ ಅರ್ಧ ಶತಮಾನದ ನೆನಪಿಗಿಂತ ಹೆಚ್ಚಿನ ಮಾನ್ಯತೆ ಇರಬೇಕು. ಬೇರೆಯವರ ಬರಹಗಳನ್ನು ಪರಿಶೀಲಿಸುವಾಗ ಈ ನಿಯಮವನ್ನು ನಾನು ಒಮ್ಮೆಯೂ ಸಡಿಲಿಸಿಲ್ಲ. ಈ ಪತ್ರದ ಮಟ್ಟಿಗೆ ಅದನ್ನು ಅನ್ವಯಿಸಲು ನನ್ನಿಂದಾಗಿಲ್ಲ.